ತೊಳೆಯದ ಕೈಗಳ ವಿಷಯವಾಗಿ

ಓದತಕ್ಕ ಭಾಗ: ಮಾರ್ಕ 7ನೆಯ ಅಧ್ಯಾಯ, 1ರಿಂದ 23ರ ವರೆಗೆ.



ಈ ಭಾಗವನ್ನು ಈ ಸಾರಿ ವಿಚಾರಕ್ಕೆ ತೆಗೆದುಕೊಳ್ಳುವದಕ್ಕೆ ಒಂದು ಕಾರಣವುಂಟು. ಕೆಲವು ತಿಂಗಳುಗಳ ಹಿಂದೆ ನಾವು ಒಂದು ಚಿಕ್ಕ ಸಭೆಯ ಬೆಳೆಯ ಹಬ್ಬಕ್ಕೆ ಹೋಗಿದ್ದೆವು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರೂ ಊಟಕ್ಕೆ ಸಾಲಾಗಿ ಕುಳಿತರು. ಒಬ್ಬ ಸೊಸೆಯು ತಂಬಿಗೆಯಲ್ಲಿ ನೀರು ತಂದು ಒಬ್ಬೊಬ್ಬರ ಕೈಗೆ ಹೊಯ್ಯುತ್ತಾ ಬಂದಳು. ಸಭೆಯ ಹಿರಿಯರೊಬ್ಬರು, ಎಪ್ಪತ್ತು ವರುಷ ದಾಟಿದವರು, ಕೈಯೊಡ್ಡಲಿಲ್ಲ. ನಮ್ಮ ಕಡೆಗೆ ತಿರುಗಿ, "ಅಯ್ಯನವರೇ, ತೊಳೆಯದ ಕೈಯಿಂದ ಉಂಡರೆ ಮೈಲಿಗೆಯಿಲ್ಲವೆಂದು ನಮ್ಮ ಕರ್ತನೇ ತೀರ್ಪು ಹೇಳಿದ್ದಾನಲ್ಲವೋ? ಮಡಿ ಮೈಲಿಗೆಯ ಕಾಟದಿಂದ ಬಿಡಿಸಿಕೊಂಡು ಬಂದವರು ನಾವು. ಅದನ್ನು ತಿರಿಗಿ ತಲೆಯ ಮೇಲೆ ಹೊತ್ತುಕೊಳ್ಳುವದೇಕೆ?" ಎಂದರು. ನಕ್ಕುಕೊಂಡೇ ಹೇಳಿದರು. ಸುತ್ತಲಿದ್ದವರೂ ನಕ್ಕರು. ಸೊಸೆಯು ತಲೆತಗ್ಗಿಸಿ ಮುಂದಿನವರ ಬಳಿಗೆ ಹೋದಳು.

ಊಟವಾದ ಮೇಲೆ ಬೇವಿನ ಮರದ ನೆರಳಿನಲ್ಲಿ ಅವರ ಪಕ್ಕದಲ್ಲಿ ಕುಳಿತಾಗ ಆ ನಗುವಿನ ಕೆಳಗೆ ಏನಿತ್ತೆಂಬದು ತಿಳಿಯಿತು. ಅವರ ಅಜ್ಜನ ಕಾಲದಲ್ಲಿ ಊರ ಬಾವಿಯ ಹಗ್ಗವನ್ನು ಅವರ ಕೇರಿಯವರು ಮುಟ್ಟಕೂಡದಾಗಿತ್ತು. ಬಾಯಾರಿದವನು ಬೊಗಸೆಯೊಡ್ಡಿ ಬಗ್ಗಿ ನಿಲ್ಲಬೇಕು. ಯಾರಾದರೂ ದಯೆತೋರಿ ಮೇಲಿನಿಂದ ನೀರು ಬಿಟ್ಟರೆ ಕುಡಿಯಬೇಕು. ಅವನ ನೆರಳು ತಾಕಿತೆಂದು ನೀರು ಬಿಟ್ಟವನು ಮನೆಗೆ ಹೋಗಿ ತಲೆಯ ಮೇಲೆ ಕೊಡ ಹೊಯ್ದುಕೊಳ್ಳುವನು. "ನಮ್ಮನ್ನು ತೊಳೆದುಹಾಕುವದಕ್ಕೇ ಅವರು ತೊಳೆದುಕೊಳ್ಳುತ್ತಿದ್ದರು, ಅಯ್ಯಾ" ಎಂದು ಹಿರಿಯರು ಹೇಳಿದರು. ಇದಕ್ಕೆ ನಮ್ಮ ಬಾಯಿಂದ ಕೂಡಲೇ ಉತ್ತರ ಬರಲಿಲ್ಲ. ಆಗ ಅವರ ಮನೆಯೊಳಗಿಂದ ಒಂದು ಕೂಸಿನ ಅಳು ಕೇಳುತ್ತಿತ್ತು. ಎರಡು ವರುಷದ ಮೊಮ್ಮಗಳು. ಮಳೆಗಾಲ ಮೊದಲಾದಂದಿನಿಂದ ಅದಕ್ಕೆ ಮೂರನೆಯ ಸಾರಿ ಭೇದಿ ಹತ್ತಿತ್ತು. ತಂಬಿಗೆ ಹಿಡಿದು ಬಂದಿದ್ದ ಆ ಸೊಸೆಯೇ ಅದರ ತಾಯಿ. ಉಪ್ಪು ಸಕ್ಕರೆ ಕಲಸಿದ ನೀರನ್ನು ಚಮಚದಿಂದ ಕೂಸಿಗೆ ಕುಡಿಸುತ್ತಾ ಕುಳಿತಿದ್ದಳು.

ಆ ದಿನ ಹೇಳಲಾರದೆ ಹೋದ ಉತ್ತರವನ್ನು ಈಗ ಬರೆಯುತ್ತೇವೆ.

ಮೊದಲು ಆ ಹಿರಿಯರ ಮಾತಿನಲ್ಲಿ ಸತ್ಯವೆಷ್ಟಿದೆಯೋ ಅಷ್ಟನ್ನೂ ಒಪ್ಪಿಕೊಳ್ಳುವದು ನ್ಯಾಯ. ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳೂ ಫರಿಸಾಯರೂ ಶಿಷ್ಯರ ಕೈಗಳನ್ನು ನೋಡಿ ತಪ್ಪು ಹಿಡಿದದ್ದು ಆ ಕೈಗಳಲ್ಲಿ ಕೊಳೆಯಿತ್ತೆಂದಲ್ಲ. ಅವರಲ್ಲಿದ್ದ ತೊಳೆಯುವಿಕೆಯು ಹಿರಿಯರಿಂದ ಬಂದ ಸಂಪ್ರದಾಯ. ಪೇಟೆಗೆ ಹೋಗಿ ಬಂದವನು ಅಲ್ಲಿ ಯಾರನ್ನು ಮುಟ್ಟಿರುವನೋ, ಯಾರು ಅವನನ್ನು ಮುಟ್ಟಿರುವರೋ ಎಂಬ ಭಯದಿಂದ ತೊಳೆದುಕೊಳ್ಳುತ್ತಿದ್ದನೆಂದು ಮಾರ್ಕನು ಅನ್ಯರಿಗೆ ತಿಳಿಯುವಂತೆ ಬಿಡಿಸಿ ಬರೆದಿದ್ದಾನೆ. ಕೈ ಬೆಳ್ಳಗಿದ್ದರೂ ತೊಳೆಯಬೇಕು, ಮುಟ್ಟಿದ್ದು ನೀತಿವಂತನಾದ ಬಡವನೇ ಆದರೂ ತೊಳೆಯಬೇಕು. ಇಂಥ ನೀರು ಮನುಷ್ಯನನ್ನು ಮನುಷ್ಯನಿಂದ ಅಗಲಿಸುವ ನೀರು. ಇದನ್ನು ನಮ್ಮ ಕರ್ತನು ಚೆಲ್ಲಿಬಿಟ್ಟನು. ಕುಷ್ಠರೋಗಿಯನ್ನು ಮುಟ್ಟಿದ ಕೈ ಆತನದು. ಆದದರಿಂದ ಮಡಿಯ ತಂಬಿಗೆಯು ನಮ್ಮ ಮನೆಗಳೊಳಗೆ ತಿರಿಗಿ ಬರಬಾರದೆಂದು ಆ ಹಿರಿಯರು ಹೇಳಿದ್ದರೆ ನಾವು ಆಮೆನ್ ಎನ್ನುತ್ತೇವೆ.

ಆದರೆ ಅದೇ ಅಧ್ಯಾಯದಲ್ಲಿ ಕರ್ತನು ಅಲ್ಲಿಗೇ ನಿಲ್ಲದೆ ಇನ್ನೊಂದು ಮಾತನ್ನು ಎತ್ತಿದ್ದನ್ನು ನಾವು ಸಾಮಾನ್ಯವಾಗಿ ಓದಿ ದಾಟಿಬಿಡುತ್ತೇವೆ. ಅದು ಕೊರ್ಬಾನಿನ ಸಂಗತಿ. ತಂದೆತಾಯಿಗಳಿಗೆ ಕೊಡಬೇಕಾದದ್ದನ್ನು ದೇವರಿಗೆ ಮುಡಿಪಿಟ್ಟೆನೆಂದು ಹೇಳಿ ಅವರನ್ನು ಬರಿಗೈಯಲ್ಲಿ ಬಿಟ್ಟುಬಿಡುವ ಮಗನಿಗೆ ಈ ಶಾಸ್ತ್ರಿಗಳು ದಾರಿಮಾಡಿಕೊಟ್ಟಿದ್ದರು. ಕೈ ತೊಳೆಯುವದರಲ್ಲಿ ಇಷ್ಟು ಎಚ್ಚರವುಳ್ಳವರು ಮುದಿತಾಯಿಯ ಹೊಟ್ಟೆಯ ವಿಷಯದಲ್ಲಿ ಹೀಗೆ ಎಚ್ಚರಗೆಟ್ಟರು. ಕರ್ತನು ಹಿಡಿದ ಅಳತೆಗೋಲು ಇದೇ: ನಿನ್ನ ಧರ್ಮವು ನಿನ್ನ ಮನೆಯವರಿಗೆ ಏನು ಮಾಡುತ್ತದೆ? ಈಗ ಇದೇ ಕೋಲನ್ನು ನಮ್ಮ ತೊಳೆಯದ ಕೈಗಳಿಗೆ ಹಿಡಿದು ನೋಡೋಣ. ತೊಳೆಯದಿರುವದು ನನ್ನ ಬಿಡುಗಡೆಯ ಗುರುತೆಂದು ನಾನು ಹೇಳಿಕೊಳ್ಳುವಾಗ ನನ್ನ ಕೈಯಿಂದ ತುತ್ತು ತಿಂದ ಕೂಸು ಭೇದಿಯಿಂದ ಮಲಗಿದರೆ, ಅದೂ ಒಂದು ಕೊರ್ಬಾನ್ ಆಗಲಿಲ್ಲವೋ?

ಇಲ್ಲಿ ಒಂದು ಮಾತನ್ನು ಸೇರಿಸುತ್ತೇವೆ. ರೋಗದ ಕ್ರಿಮಿಗಳ ಸಂಗತಿ ಮೋಶೆಗೆ ಮೊದಲೇ ತಿಳಿದಿತ್ತೆಂದು ಕೆಲವು ಬೋಧಕರು ಉತ್ಸಾಹದಿಂದ ಹೇಳುವದನ್ನು ಕೇಳಿದ್ದೇವೆ. ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ಯಾಜಕರು ಕೈಕಾಲು ತೊಳೆಯುವದಕ್ಕೆ ತಾಮ್ರದ ತೊಟ್ಟಿ ಇಡಲ್ಪಟ್ಟದ್ದೂ, ಯಾಜಕಕಾಂಡದ 15ರಲ್ಲಿ ಸ್ರಾವವುಳ್ಳವನು ಕೈ ತೊಳೆಯದೆ ಇನ್ನೊಬ್ಬನನ್ನು ಮುಟ್ಟುವ ವಿಷಯದಲ್ಲಿ ಕಟ್ಟಳೆಯಿರುವದೂ ನಿಜ. ಆದರೆ ಸತ್ಯವೇದವು ಹೇಳದ್ದನ್ನು ಅದರ ಬಾಯಲ್ಲಿ ಇಡುವದು ಬೇಡ. ಅದು ಹೇಳುವದಿಷ್ಟು: ಪರಿಶುದ್ಧವಾದದ್ದನ್ನು ಮುಟ್ಟುವ ಮೊದಲು ಮನುಷ್ಯನು ತನ್ನ ಕೈಗಳನ್ನು ನೆನಸಬೇಕು. ಕ್ರಿಸ್ತನು ಯಾರಿಗಾಗಿ ಪ್ರಾಣಕೊಟ್ಟನೋ ಆ ಕೂಸಿಗಿಂತ ಪರಿಶುದ್ಧವಾದ ವಸ್ತು ನಮ್ಮ ಮನೆಯಲ್ಲಿ ಯಾವದಿದೆ?

ಹೀಗೆ ತೊಳೆಯುವಿಕೆಯಲ್ಲಿ ಎರಡು ಬಗೆಗಳುಂಟು. ಹೊರಗಿನಿಂದ ನೋಡಿದರೆ ಎರಡೂ ಒಂದೇ ನೀರು. ಮಡಿಯವನು ಇನ್ನೊಬ್ಬನನ್ನು ಮುಟ್ಟಿದ ಮೇಲೆ ಅವನಿಂದ ತನ್ನನ್ನು ಕಾಪಾಡಿಕೊಳ್ಳುವದಕ್ಕೆ ತೊಳೆಯುತ್ತಾನೆ. ಪ್ರೀತಿಯುಳ್ಳವನು ಇನ್ನೊಬ್ಬನನ್ನು ಮುಟ್ಟುವ ಮೊದಲು ತನ್ನಿಂದ ಅವನನ್ನು ಕಾಪಾಡುವದಕ್ಕೆ ತೊಳೆಯುತ್ತಾನೆ. ಮೊದಲನೆಯವನು ಕೊಳೆ ನಿನ್ನಲ್ಲಿದೆ ಎನ್ನುತ್ತಾನೆ. ಎರಡನೆಯವನು ಕೊಳೆ ನನ್ನಲ್ಲಿರಬಹುದು ಎನ್ನುತ್ತಾನೆ. ಈ ಎರಡನೆಯ ಮಾತನ್ನು ಹೇಳುವದು ಎಷ್ಟು ಕಷ್ಟವೆಂಬದಕ್ಕೆ ಒಂದು ನಡೆದ ಚರಿತ್ರೆಯನ್ನು ತಿಳಿಸುತ್ತೇವೆ. ಅದು ನಮ್ಮ ದೇಶದ್ದಲ್ಲ. ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾ ಪಟ್ಟಣದಲ್ಲಿ, ಕ್ರೈಸ್ತರ ನಡುವೆ, ದೊಡ್ಡ ವಿದ್ವಾಂಸರ ನಡುವೆ ನಡೆದದ್ದು.

ಆ ಪಟ್ಟಣದ ಸರಕಾರೀ ಆಸ್ಪತ್ರೆಯಲ್ಲಿ ಬಡ ಸ್ತ್ರೀಯರ ಹೆರಿಗೆಗಾಗಿ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು. ಎರಡನೆಯದರಲ್ಲಿ ಸೂಲಗಿತ್ತಿಯ ಕೆಲಸ ಕಲಿಯುವ ಹೆಂಗಸರು. 1846ನೆಯ ಇಸವಿಯಲ್ಲಿ ಮೊದಲನೆಯ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ಮಂದಿ ತಾಯಂದಿರು ಸತ್ತರು. ಎರಡನೆಯದರಲ್ಲಿ 3,754 ಹೆರಿಗೆಗಳಾಗಿ ಸತ್ತವರು 105. ಕೊಂದದ್ದು ಬಹುಮಟ್ಟಿಗೆ ಬಾಣಂತಿ ಜ್ವರ. ನಮ್ಮ ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎನ್ನುತ್ತಾರೆ. ಯಾವ ದಿನ ಯಾವ ವಿಭಾಗಕ್ಕೆ ಸೇರಿಸಿಕೊಳ್ಳಬೇಕೆಂಬದಕ್ಕೆ ಸರದಿಯಿತ್ತು. ಮೊದಲನೆಯದರ ಸರದಿಯ ದಿನ ಬಂದುಬಿಟ್ಟ ಬಸುರಿಯರು, ತಮ್ಮನ್ನು ಅಲ್ಲಿಗೆ ಕಳುಹಿಸಬೇಡಿರೆಂದು ಮೊಣಕಾಲೂರಿ ಕೈಮುಗಿದು ಬೇಡಿಕೊಳ್ಳುತ್ತಿದ್ದರು. ವಿದ್ವಾಂಸರಿಗೆ ಕಾಣದ್ದು ಆ ಬಡ ಹೆಂಗಸರಿಗೆ ಕಂಡಿತ್ತು.

ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ಹಂಗೇರಿಯ ತರುಣ ವೈದ್ಯನು ಆ ಮೊದಲನೆಯ ವಿಭಾಗದಲ್ಲಿ ಸಹಾಯಕನಾಗಿದ್ದನು. ಅವನಿಗೆ ಈ ಸಾವುಗಳು ನಿದ್ರೆ ಕೊಡಲಿಲ್ಲ. ಗಾಳಿ ಕೆಟ್ಟಿದೆಯೆಂದು ಕೆಲವರು ಹೇಳಿದರು. ಗಾಳಿ ಎರಡು ವಿಭಾಗಗಳಿಗೂ ಒಂದೇ. ಸಾಯುವವರಿಗೆ ಕಡೆಯ ಸಂಸ್ಕಾರ ಕೊಡುವದಕ್ಕೆ ಬರುವ ಪಾದ್ರಿಯ ಮುಂದೆ ಗಂಟೆ ಬಾರಿಸುತ್ತಾರೆ, ಮೊದಲನೆಯ ವಿಭಾಗದಲ್ಲಿ ಅವನು ಉಳಿದ ಬಾಣಂತಿಯರ ಕೋಣೆಗಳನ್ನು ಹಾದು ಹೋಗಬೇಕಾದದರಿಂದ ಅವರು ಹೆದರಿ ಜ್ವರ ಬೀಳುತ್ತಾರೆ ಎಂದೂ ಕೆಲವರು ಹೇಳಿದರು. ಸೆಮ್ಮೆಲ್ವೈಸನು ಪಾದ್ರಿಯನ್ನು ಬೇಡಿಕೊಂಡು ಗಂಟೆಯಿಲ್ಲದೆ ಬೇರೆ ದಾರಿಯಿಂದ ಬರುವಂತೆ ಮಾಡಿದನು. ಸಾವು ಒಂದೂ ಕಡಿಮೆಯಾಗಲಿಲ್ಲ. (ಪಾದ್ರಿಯ ಮೇಲೆ ಹೊತ್ತಿದ್ದ ಅಪವಾದ ಹೀಗೆ ತೊಲಗಿತು, ನಮ್ಮಂಥವರಿಗೆ ಇದರಲ್ಲಿ ಸ್ವಲ್ಪ ಸಮಾಧಾನವುಂಟು.)

1847ನೆಯ ಮಾರ್ಚಿನಲ್ಲಿ ಅವನ ಸ್ನೇಹಿತನಾದ ಕೊಲ್ಲೆಚ್ಕಾ ಎಂಬ ಪಂಡಿತನು ಸತ್ತನು. ಹೆಣವನ್ನು ಕೊಯ್ದು ಪರೀಕ್ಷಿಸುವಾಗ ವಿದ್ಯಾರ್ಥಿಯೊಬ್ಬನ ಕತ್ತಿ ತಗಲಿ ಅವನ ಬೆರಳಿಗೆ ಗಾಯವಾಗಿತ್ತು. ಅವನ ಶರೀರದಲ್ಲಿ ಕಂಡ ಗುರುತುಗಳು ಬಾಣಂತಿ ಜ್ವರದಿಂದ ಸತ್ತ ಸ್ತ್ರೀಯರಲ್ಲಿ ಕಂಡ ಗುರುತುಗಳೇ. ಆಗ ಸೆಮ್ಮೆಲ್ವೈಸನಿಗೆ ತಿಳಿಯಿತು. ವೈದ್ಯರೂ ವಿದ್ಯಾರ್ಥಿಗಳೂ ಹೆಣಗಳನ್ನು ಕೊಯ್ದು ಅದೇ ಕೈಗಳಿಂದ ಬಸುರಿಯರನ್ನು ಪರೀಕ್ಷಿಸುತ್ತಿದ್ದರು. ಸಾಬೂನಿನಿಂದ ತೊಳೆದರೂ ಹೆಣದ ವಾಸನೆ ಕೈಯಲ್ಲಿ ಉಳಿಯುತ್ತಿತ್ತು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. ಸಾವು ಬರುತ್ತಿದ್ದದ್ದು ಗಾಳಿಯಿಂದಲ್ಲ, ಗಂಟೆಯಿಂದಲ್ಲ, ವೈದ್ಯರ ಬೆರಳುಗಳಿಂದಲೇ.

ಮೇ ತಿಂಗಳ ನಡುವೆ ಅವನು ಬಾಗಿಲಲ್ಲಿ ಬೋಗುಣಿಯನ್ನು ಇಟ್ಟು, ಕ್ಲೋರಿನ್ ಸೇರಿದ ಸುಣ್ಣದ ನೀರಿನಿಂದ ಕೈ ತೊಳೆಯದೆ ಯಾರೂ ಒಳಗೆ ಬರಕೂಡದೆಂದು ವಿಧಿಸಿದನು. ನಮ್ಮ ಪಂಚಾಯತಿಯವರು ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ಜಾತಿಯದೇ ಅದು. ಏಪ್ರಿಲಿನಲ್ಲಿ 312 ಹೆರಿಗೆಗಳಿಗೆ 57 ತಾಯಂದಿರು ಸತ್ತಿದ್ದರು. ಜೂನಿನಲ್ಲಿ 268ಕ್ಕೆ ಸತ್ತವರು 6. ಜುಲೈಯಲ್ಲಿ 250ಕ್ಕೆ 3. ಆ ಶರತ್ಕಾಲದಲ್ಲಿ ಇನ್ನೊಂದು ಕಹಿಯಾದ ಪಾಠವೂ ಆಯಿತು. ಕೊಳೆತ ಹುಣ್ಣುಳ್ಳ ಒಬ್ಬ ರೋಗಿಯನ್ನು ಪರೀಕ್ಷಿಸಿದವರು ಬರೀ ಸಾಬೂನಿನಿಂದ ಕೈ ತೊಳೆದು ಉಳಿದವರನ್ನು ಮುಟ್ಟಿದರು. ಆ ಸಾಲಿನಲ್ಲಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ಅಂದಿನಿಂದ ಒಬ್ಬೊಬ್ಬ ರೋಗಿಯ ನಡುವೆಯೂ ಆ ಮದ್ದಿನ ನೀರಿನಿಂದ ತೊಳೆಯಬೇಕೆಂದಾಯಿತು. 1848ರಲ್ಲಿ ಮಾರ್ಚಿಯಲ್ಲಿಯೂ ಆಗಸ್ಟಿನಲ್ಲಿಯೂ ಒಬ್ಬ ತಾಯಿಯೂ ಸಾಯಲಿಲ್ಲ.

ಇಷ್ಟಾದ ಮೇಲೆ ಎಲ್ಲರೂ ಸಂತೋಷಪಟ್ಟರೆಂದು ನೀವು ನೆನಸುವಿರಿ. ಹಾಗಾಗಲಿಲ್ಲ. ದೊಡ್ಡ ದೊಡ್ಡ ವೈದ್ಯರು ಅವನ ಮಾತನ್ನು ತಳ್ಳಿಬಿಟ್ಟರು. ನಮ್ಮ ಕೈಗಳು ಮರ್ಯಾದಸ್ಥರ ಕೈಗಳು, ಅವುಗಳಲ್ಲಿ ಮರಣವಿದೆಯೆಂದು ಹೇಳುವದಕ್ಕೆ ಇವನು ಯಾರು ಎಂಬದು ಅನೇಕರ ಮನಸ್ಸಿನಲ್ಲಿದ್ದ ಮಾತು. ಅವನು ಹೇಳಿದ್ದು ನಿಜವಾದರೆ ತಾವು ಇಷ್ಟು ವರುಷ ಮಾಡಿದ್ದೇನು ಎಂಬ ಪ್ರಶ್ನೆ ಏಳುತ್ತದಷ್ಟೆ. ಆ ಪ್ರಶ್ನೆಯನ್ನು ಎದುರುನೋಡುವದಕ್ಕಿಂತ ಅವನನ್ನು ಹುಚ್ಚನೆನ್ನುವದು ಸುಲಭ. ಸೆಮ್ಮೆಲ್ವೈಸನು ಮಾತ್ರ ತನ್ನನ್ನು ಹೊರತುಮಾಡಿಕೊಳ್ಳಲಿಲ್ಲ. ಹೆಣಗಳನ್ನು ಬಹಳವಾಗಿ ಪರೀಕ್ಷಿಸಿದವರಲ್ಲಿ ತಾನೂ ಒಬ್ಬನು, ತನ್ನ ಕೈಯಿಂದ ಎಷ್ಟು ಮಂದಿ ಅಕಾಲದಲ್ಲಿ ಸಮಾಧಿಗೆ ಹೋದರೆಂಬದು ದೇವರೊಬ್ಬನಿಗೇ ಗೊತ್ತು ಎಂಬರ್ಥವಾಗಿ ಅವನು 1861ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದನು. ತಿರಸ್ಕಾರದಿಂದ ಕಹಿಯಾಗಿ, ಕಡೆಗೆ ಬುದ್ಧಿಭ್ರಮಣೆಯವರ ಆಸ್ಪತ್ರೆಯಲ್ಲಿ 1865ರ ಆಗಸ್ಟ್ 13ರಂದು, ಗಾಯದ ವಿಷವು ರಕ್ತಕ್ಕೇರಿ ಸತ್ತನು. ವಯಸ್ಸು ನಾಲ್ವತ್ತೇಳು. ಯಾವ ವಿಷದಿಂದ ತಾಯಂದಿರನ್ನು ಬಿಡಿಸಿದನೋ ಅಂಥದ್ದೇ ಅವನನ್ನು ಕೊಂದಿತು. ಅವನು ಕಂಡದ್ದು ಸರಿಯೆಂದು ಲೋಕವು ಒಪ್ಪಿದ್ದು ಆಮೇಲೆ.

ಇನ್ನೊಬ್ಬನ ಸಂಗತಿಯನ್ನೂ ಹೇಳಬೇಕು. ಜರ್ಮನಿಯ ಕೀಲ್ ಪಟ್ಟಣದಲ್ಲಿ ಮಿಖಾಯೆಲಿಸ್ ಎಂಬ ಹೆರಿಗೆಯ ಪಂಡಿತನಿದ್ದನು. ಅವನು ಸೆಮ್ಮೆಲ್ವೈಸನ ಮಾತನ್ನು ನಂಬಿದನು. ನಂಬಿದ ಕೂಡಲೇ, ತಾನೇ ಹೆರಿಗೆ ಮಾಡಿಸಿದ್ದ ತನ್ನ ಬಂಧುವಾದ ಸ್ತ್ರೀಯು ಬಾಣಂತಿ ಜ್ವರದಿಂದ ಸತ್ತದ್ದು ತನ್ನ ಕೈಯಿಂದಲೇ ಎಂಬದು ಅವನ ಮನಸ್ಸಿಗೆ ಹೊಳೆಯಿತು. ಆ ಭಾರವನ್ನು ತಾಳಲಾರದೆ 1848ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು.

ಪ್ರಿಯರೇ, ಈ ಪತ್ರಿಕೆಯನ್ನು ಓದುವವರಲ್ಲಿ, ಓದಿಸಿ ಕೇಳುವವರಲ್ಲಿ, ಕೂಸನ್ನು ಮಣ್ಣಿಗೆ ಕೊಟ್ಟ ತಾಯಂದಿರಿದ್ದಾರೆಂಬದನ್ನು ನಾವು ಬಲ್ಲೆವು. ಮಿಖಾಯೆಲಿಸನ ಸಂಗತಿಯನ್ನು ಅವರ ನಿಮಿತ್ತವೇ ಬರೆದೆವು. ಅಮ್ಮಾ, ನಿನಗೆ ಆಗ ತಿಳಿಯದೆ ಇದ್ದದ್ದನ್ನು ದೇವರು ನಿನ್ನ ಲೆಕ್ಕಕ್ಕೆ ಬರೆಯುವದಿಲ್ಲ. ಕೂಸು ಸತ್ತದ್ದು ನಿನ್ನ ಪಾಪದ ದಂಡನೆಯೆಂದು ಯಾರಾದರೂ ಹೇಳಿದ್ದರೆ ಅದು ಸುಳ್ಳು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇಂಥದ್ದೇ ಪ್ರಶ್ನೆ ಕೇಳಿದಾಗ ಕರ್ತನು ಅದನ್ನು ಒಪ್ಪಲಿಲ್ಲವೆಂಬದನ್ನು ಯೋಹಾನ 9ರಲ್ಲಿ ನೋಡಿಕೋ. ಆ ಭಾರವನ್ನು ನೀನು ಹೊರಬೇಡ. ಅದನ್ನು ಹೊರತಕ್ಕವನು ಬೇರೊಬ್ಬನಿದ್ದಾನೆ. ಆದರೆ ಇನ್ನೊಂದು ಮಾತನ್ನೂ ನಾವು ಮರೆಮಾಡುವದಿಲ್ಲ. ಕೂಸು ಭೇದಿಯಿಂದ ಸತ್ತಾಗ, ದೇವರು ಕೊಟ್ಟನು ದೇವರು ತೆಗೆದುಕೊಂಡನು ಎಂದು ಬೇಗನೆ ಹೇಳಿ ಎದ್ದು ಹೋಗುವ ರೂಢಿ ನಮ್ಮ ಸಭೆಗಳಲ್ಲಿದೆ. ಬೋಧಕರಾದ ನಾವೇ ಇದನ್ನು ಕಲಿಸಿದ್ದೇವೆ. ನಮ್ಮ ಕೈಯಿಂದ ಆದದ್ದನ್ನು ದೇವರ ಕೈಯ ಮೇಲೆ ಹಾಕಿದ್ದೇವೆಯೋ ಏನೋ. ಪಿಲಾತನೂ ಜನರ ಮುಂದೆ ನೀರು ತರಿಸಿ ಕೈ ತೊಳೆದುಕೊಂಡನು. ಅವನ ಕೈ ಶುದ್ಧವಾಗಲಿಲ್ಲ, ಯಾಕಂದರೆ ಅವನು ತೊಳೆದದ್ದು ಹೊಣೆಯಿಂದ ನುಣುಚಿಕೊಳ್ಳುವದಕ್ಕೆ. ನಾವು ತೊಳೆಯುವದು ಹೊಣೆಯನ್ನು ಹೊತ್ತುಕೊಳ್ಳುವದಕ್ಕೆ.

ಈಗ ಕೆಲಸದ ಮಾತಿಗೆ ಬರೋಣ. ಭೇದಿ, ವಿಷಮಜ್ವರ, ಹೊಟ್ಟೆಯ ಹುಳ, ಒಂದು ಬಗೆಯ ಕಾಮಾಲೆ, ಇವೆಲ್ಲಾ ಬಹುಮಟ್ಟಿಗೆ ಒಬ್ಬರ ಮಲದಿಂದ ಇನ್ನೊಬ್ಬರ ಬಾಯಿಗೆ ಹೋಗುವ ರೋಗಗಳು. ಹೇಳುವದಕ್ಕೆ ಹೇಸಿಗೆಯಾದರೂ ಹೇಳದೆ ಇದ್ದರೆ ಪ್ರಯೋಜನವಿಲ್ಲ. ಕಣ್ಣಿಗೆ ಕಾಣದಷ್ಟು ಅಂಟಿದ್ದರೂ ಅದರಲ್ಲಿ ಲಕ್ಷಾಂತರ ಕ್ರಿಮಿಗಳಿರಬಹುದು. ಕೆಮ್ಮು ನೆಗಡಿಗಳೂ ಎಷ್ಟೋ ಸಾರಿ ಕೈಯಿಂದಲೇ ಮೂಗಿಗೂ ಕಣ್ಣಿಗೂ ಹತ್ತುತ್ತವೆ. ನಮ್ಮ ತಾಯಂದಿರಲ್ಲಿ ಒಂದು ತಪ್ಪು ತಿಳುವಳಿಕೆಯುಂಟು: ಎಳೆಗೂಸಿನ ಹೇಲು ಹೊಲಸಲ್ಲ, ಅದನ್ನು ತೊಳೆದ ಕೈಗೆ ಸ್ವಲ್ಪ ನೀರು ಸೋಕಿಸಿದರೆ ಸಾಕು ಎಂಬದು. ಹಾಗಲ್ಲ, ಕೂಸಿನದೂ ದೊಡ್ಡವರದರಷ್ಟೇ ಅಪಾಯವುಳ್ಳದ್ದು.

ಬರೀ ನೀರು ಯಾಕೆ ಸಾಲದು? ನಮ್ಮ ಚರ್ಮದ ಮೇಲೆ ಯಾವಾಗಲೂ ತೆಳ್ಳಗಿನ ಜಿಡ್ಡು ಇರುತ್ತದೆ. ಕ್ರಿಮಿಗಳು ಅದರಲ್ಲಿ ಅಂಟಿಕೊಂಡಿರುತ್ತವೆ. ಎಣ್ಣೆಯ ಪಾತ್ರೆಯ ಮೇಲೆ ನೀರು ಹೊಯ್ದರೆ ಉರುಳಿ ಹೋಗುವದನ್ನು ಎಲ್ಲರೂ ಕಂಡಿದ್ದೀರಿ. ಸಾಬೂನು ಒಂದು ಕೈಯಿಂದ ಜಿಡ್ಡನ್ನೂ ಇನ್ನೊಂದು ಕೈಯಿಂದ ನೀರನ್ನೂ ಹಿಡಿಯುವ ವಸ್ತು. ಜಿಡ್ಡನ್ನು ಕಿತ್ತು ನೀರಿಗೆ ಒಪ್ಪಿಸುತ್ತದೆ, ಅದರೊಂದಿಗೆ ಕ್ರಿಮಿಗಳೂ ಕೊಚ್ಚಿಹೋಗುತ್ತವೆ. ಪರಿಮಳದ ಸಾಬೂನೇ ಬೇಕೆಂದಿಲ್ಲ, ಬಟ್ಟೆಯ ಸಾಬೂನಿನ ತುಂಡೂ ಅದೇ ಕೆಲಸ ಮಾಡುತ್ತದೆ. ನೀರು ಬಿಸಿಯಾಗಿರಬೇಕೆಂದಿಲ್ಲ. ಸಾಬೂನೇ ಇಲ್ಲದಾಗ ಒಲೆಯ ಶುದ್ಧವಾದ ಬೂದಿ ಏನೂ ಇಲ್ಲದ್ದಕ್ಕಿಂತ ಮೇಲು. ಅಂಗಳದ ಮಣ್ಣಿನಿಂದ ಉಜ್ಜುವದು ಬೇಡ, ಅದರಲ್ಲಿ ಹುಳದ ಮೊಟ್ಟೆಗಳಿರಬಹುದು. ಕರಾಚಿ ಪಟ್ಟಣದ ಬಡ ಕೇರಿಗಳಲ್ಲಿ ಮನೆಗಳಿಗೆ ಸಾಬೂನು ಕೊಟ್ಟು ವಾರವಾರವೂ ಹೋಗಿ ಕೈ ತೊಳೆಯುವದನ್ನು ಕಲಿಸಿದಾಗ ಚಿಕ್ಕ ಮಕ್ಕಳಲ್ಲಿ ಭೇದಿಯೂ ನ್ಯುಮೋನಿಯಾ ರೋಗವೂ ಸುಮಾರು ಅರ್ಧಕ್ಕೆ ಇಳಿದವೆಂದು 2005ರಲ್ಲಿ ವೈದ್ಯರು ಪ್ರಕಟಿಸಿದರು. ಆ ಕೇರಿಗಳು ನಮ್ಮ ಕೇರಿಗಳಿಗಿಂತ ಐಶ್ವರ್ಯವುಳ್ಳವುಗಳಲ್ಲ.

ತೊಳೆಯಬೇಕಾದ ಹೊತ್ತುಗಳು ನಿಮಗೆ ತಿಳಿದವುಗಳೇ. ಬಯಲಿಗೋ ಕಕ್ಕಸಿಗೋ ಹೋಗಿ ಬಂದ ಮೇಲೆ, ಕೂಸನ್ನು ತೊಳೆದ ಮೇಲೆ, ಸಗಣಿ ಎತ್ತಿದ ಮೇಲೆ, ರೋಗಿಯ ಸೇವೆ ಮಾಡಿದ ಮೇಲೆ. ಅಡಿಗೆಗೆ ಕೈಹಾಕುವ ಮೊದಲು, ಉಣ್ಣುವ ಮತ್ತು ಉಣ್ಣಿಸುವ ಮೊದಲು. ರೋಗಿಯ ಸೇವೆಯ ಮೇಲೆ ತೊಳೆಯುವದು ಅವನ ಮೇಲಣ ಅಸಹ್ಯದಿಂದಲ್ಲ, ಅವನ ಪಕ್ಕದಲ್ಲಿ ಮಲಗುವವನ ನಿಮಿತ್ತ. ಹೆರಿಗೆಗಳು ಈಗ ಹೆಚ್ಚಾಗಿ ಆಸ್ಪತ್ರೆಗಳಲ್ಲಿ ಆಗುತ್ತವೆ. ಹಿಂದೆ ಎಳೆಗೂಸುಗಳನ್ನು ಕೊಲ್ಲುತ್ತಿದ್ದ ಧನುರ್ವಾಯು ನಮ್ಮ ದೇಶದಲ್ಲಿ ತಡೆಯಲ್ಪಟ್ಟಿತೆಂದು 2015ರಲ್ಲಿ ಘೋಷಿಸಲ್ಪಟ್ಟಿತು. ಬಸುರಿಯರಿಗೆ ಹಾಕಿದ ಚುಚ್ಚುಮದ್ದೂ ಶುದ್ಧವಾದ ಕೈಯೂ ಶುದ್ಧವಾದ ಬ್ಲೇಡೂ ಈ ಕೆಲಸ ಮಾಡಿದವು. ಆದರೆ ಕೂಸು ಮನೆಗೆ ಬಂದ ದಿನ ನೋಡುವದಕ್ಕೆ ಬಂದವರೆಲ್ಲಾ ಒಬ್ಬರ ಕೈಯಿಂದ ಒಬ್ಬರು ಅದನ್ನು ಎತ್ತಿಕೊಂಡು ಗಲ್ಲ ಹಿಡಿಯುತ್ತಾರೆ. ಕೂಸಿಗಾಗಿ ಪ್ರಾರ್ಥನೆ ಮಾಡುವದಕ್ಕೆ ಹೋಗುವ ಉಪದೇಶಿಯು ಮೊದಲು ಬಚ್ಚಲಿಗೆ ಹೋಗಿ ಕೈ ತೊಳೆದು ಬಂದರೆ ಉಳಿದವರಿಗೆ ಹೇಳಬೇಕಾದ ಅಗತ್ಯವಿರದು.

ತೊಳೆಯುವ ರೀತಿಯಲ್ಲಿಯೂ ನಾವು ಬಹಳ ಅವಸರದವರು. ಬಲಗೈಯ ನಾಲ್ಕು ಬೆರಳ ತುದಿಗೆ ನೀರು ತೋರಿಸಿ ಸೆರಗಿಗೋ ಪಂಚೆಗೋ ಒರಸಿಬಿಡುತ್ತೇವೆ. ಎರಡೂ ಕೈಗಳನ್ನು ನೆನೆಸಿ ಸಾಬೂನು ಹಚ್ಚಿ ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳು, ಉಗುರಿನ ಕೆಳಗೆ, ಉಂಗುರವಿದ್ದರೆ ಅದರ ಅಡಿಯಲ್ಲಿ ಉಜ್ಜಬೇಕು. ಇಪ್ಪತ್ತು ಸೆಕೆಂಡು ಬೇಕೆಂದು ವೈದ್ಯರು ಹೇಳುತ್ತಾರೆ; ಗಡಿಯಾರವಿಲ್ಲದವರು ಕರ್ತನ ಪ್ರಾರ್ಥನೆಯನ್ನು ಮನಸ್ಸಿನಲ್ಲಿ ನಿಧಾನವಾಗಿ ಹೇಳಿದರೆ ಅಷ್ಟು ಹೊತ್ತಾಗುತ್ತದೆ. ಪ್ರಾರ್ಥನೆಯನ್ನು ಗಡಿಯಾರ ಮಾಡುವದು ಸರಿಯಲ್ಲವೆಂದು ಯಾರಿಗಾದರೂ ತೋರಿದರೆ ಮೂವತ್ತರ ವರೆಗೆ ಎಣಿಸಲಿ, ನಮ್ಮ ಅಡ್ಡಿಯಿಲ್ಲ. ಆಮೇಲೆ ನೀರನ್ನು ಮೇಲಿನಿಂದ ಹೊಯ್ದು ತೊಳೆಯಬೇಕು. ಒಂದು ಬೋಗುಣಿಯಲ್ಲಿ ಹತ್ತು ಮಂದಿ ಕೈ ಅದ್ದುವದು ತೊಳೆಯುವದಲ್ಲ, ಹಂಚಿಕೊಳ್ಳುವದು. ಬೇಸಗೆಯಲ್ಲಿ ನೀರಿನ ಬಂಡಿಗಾಗಿ ಕೊಡ ಸಾಲಿಟ್ಟು ಕಾಯುವ ಊರುಗಳನ್ನು ನಾವು ಮರೆತಿಲ್ಲ. ಜಾಣ್ಮೆಯಿಂದ ಸುರಿದರೆ ಒಂದು ಚಿಕ್ಕ ಚೊಂಬು ಸಾಕು.

ಕರ್ತನ ಭೋಜನದ ವಿಷಯವಾಗಿ ಒಂದೇ ಮಾತು. ಕಾಣಿಕೆಯ ರೂಪಾಯಿಗಳನ್ನು ಎಣಿಸಿದ ಕೈಯಿಂದಲೇ ರೊಟ್ಟಿಯನ್ನು ಮುರಿಯುವದನ್ನು ನೋಡಿದ್ದೇವೆ. 2020ರ ಕೊರೋನಾ ಕಾಲದಲ್ಲಿ ಬಾಗಿಲಲ್ಲಿಟ್ಟ ಕೈಮದ್ದಿನ ಬಾಟಲಿ ಅನೇಕ ದೇವಾಲಯಗಳಲ್ಲಿ ಈಗ ಬರಿದಾಗಿ ನಿಂತಿದೆ. ಬಾಟಲಿ ಇಲ್ಲದಿದ್ದರೆ ಹೋಗಲಿ. ಸಾಬೂನು ನೀರು ಇರಲಿ, ಬೋಧಕನು ಅದನ್ನು ಸಭೆಯು ಕಾಣುವಂತೆ ಉಪಯೋಗಿಸಲಿ.

ಆ ಹಿರಿಯರ ಊರಿಗೆ ನಾವು ಎರಡನೆಯ ಸಾರಿ ಹೋದಾಗ ವಿಯೆನ್ನಾದ ಚರಿತ್ರೆಯನ್ನು ಅವರಿಗೆ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು: "ಆ ವೈದ್ಯನು ಆ ಬಡ ಹೆಂಗಸರನ್ನು ಹೊಲಸೆಂದು ಎಣಿಸಿ ಕೈ ತೊಳೆದನೋ, ತನ್ನ ಕೈಯನ್ನೋ?" ತನ್ನ ಕೈಯನ್ನೇ ಎಂದೆವು. "ಹಾಗಾದರೆ ಅದು ಬೇರೆ ಮಾತು" ಎಂದು ಎದ್ದರು.

ಅದಾದ ಒಂದು ತಿಂಗಳಿಗೆ ಅಲ್ಲಿಯ ಉಪದೇಶಿಯು ನಮ್ಮನ್ನು ಕಂಡು ಸುದ್ದಿ ಹೇಳಿದರು. ಸಂಡೇ ಸ್ಕೂಲಿನ ಹುಡುಗರನ್ನು ಕೂಡಿಸಿಕೊಂಡು ಹಿರಿಯರು ದೇವಾಲಯದ ಪಕ್ಕದಲ್ಲಿ ಎರಡು ಕವಲುಗೋಲುಗಳನ್ನು ನೆಟ್ಟು, ಅಡ್ಡಗೋಲಿಗೆ ಐದು ಲೀಟರಿನ ಹಳೆಯ ಎಣ್ಣೆಯ ಕ್ಯಾನನ್ನು ತೂಗಹಾಕಿದ್ದಾರೆ. ಅದರ ಮೇಲ್ಭಾಗದಲ್ಲಿ ಮೊಳೆ ಕಾಯಿಸಿ ಚುಚ್ಚಿದ ಒಂದು ತೂತು. ಕುತ್ತಿಗೆಗೆ ಕಟ್ಟಿದ ಹುರಿಯ ಇನ್ನೊಂದು ತುದಿ ನೆಲದ ಮೇಲಿನ ಕೋಲಿಗಿದೆ. ಕೋಲನ್ನು ಕಾಲಿನಿಂದ ತುಳಿದರೆ ಕ್ಯಾನು ಬಾಗಿ ನೀರು ಸಣ್ಣಗೆ ಸುರಿಯುತ್ತದೆ, ಕೈಯಿಂದ ಏನನ್ನೂ ಮುಟ್ಟಬೇಕಾಗಿಲ್ಲ. ಮೊಮ್ಮಗಳ ಕಾಲಿಗೆ ಆ ಕೋಲು ಇನ್ನೂ ಬಗ್ಗುವದಿಲ್ಲವಾದ್ದರಿಂದ ಅಜ್ಜನೇ ತುಳಿದು ನೀರು ಬಿಡುತ್ತಾರಂತೆ. ಮೊದಲಿನ ಎರಡು ಸಾಬೂನುಗಳನ್ನು ಕಾಗೆ ಹೊತ್ತುಕೊಂಡು ಹೋಯಿತು. ಮೂರನೆಯದನ್ನು ಈರುಳ್ಳಿಯ ಬಲೆಚೀಲದಲ್ಲಿ ಹಾಕಿ ಅಡ್ಡಗೋಲಿಗೆ ಬಿಗಿಯಾಗಿ ಕಟ್ಟಿದ್ದಾರೆ.